ನೂರ ಮೂವತ್ತು ಕುದುರೆಗಳ ಸಂಬಂಧ

"ನೋಡ್ತಾ ಇರು ಶ್ಯಾಮಲ, ಕಾಫಿ ಆರೋದ್ರೊಳಗೆ ಸಂಬಂಧ ಕುದುರಿಸ್ತೀನಿ!"

ಮುದ್ದೇನಹಳ್ಳಿಯ ಮೋಹನ್‌ಬಾಬು ಮೀಸೆ ತಿರುವಿಕೊಂಡು ಘೋಷಿಸಿದರು.

"ನೀವು ಆ ಕಾಫಿ ಕುಡೀರಿ ಸಾಕು. ಮಾತು ನಾನಾಡ್ತೀನಿ," ಎಂದರು ಶ್ಯಾಮಲಮ್ಮ. ಮೂವತ್ತು ವರ್ಷ ಸಂಸಾರ ಮಾಡಿದವರಿಗೆ ಗಂಡನ ಬಾಯಿಯ ಅಳತೆ ಗೊತ್ತಿರುತ್ತದೆ.

ಮಗಳು ಕವಿತ ದೇಶಮಟ್ಟದ ಕಾರ್ ರೇಸಿನಲ್ಲಿ ಓಡಿಸುವವಳು. ಈ ವರ್ಷ ಮಾಮೂಲಿ ಕಾರನ್ನೇ ರೇಸಿಗೆ ಸಜ್ಜುಮಾಡಿದ ಟೂರಿಂಗ್ ಕಾರು, ಮುಂದಿನ ವರ್ಷ ಒಂಟಿ ಸೀಟಿನ ಫಾರ್ಮುಲಾ ಗಾಡಿ. ಅವಳೂ ಚಿಂತಾಮಣಿಯ ಹುಡುಗ ಚಿರಂಜೀವಿಯೂ ಒಬ್ಬರನ್ನೊಬ್ಬರು ಒಪ್ಪಿ ಆಗಿತ್ತು. ಹುಡುಗನ ಅಪ್ಪ ಅಮ್ಮ 'ಹೂಂ' ಎನ್ನುವುದೊಂದೇ ಬಾಕಿ. ಹುಡುಗಿ ಕಾರ್ ರೇಸಿನವಳೆಂದು ಅವನಿನ್ನೂ ಮನೆಯಲ್ಲಿ ಬಾಯಿಬಿಟ್ಟಿರಲಿಲ್ಲ. ಅವರು ಬೇಡವೆಂದರೆ ತನಗೂ ಬೇಡವೆಂದು ಕವಿತ ಮೊದಲೇ ಹೇಳಿಬಿಟ್ಟಿದ್ದಳು.

ಆ ಅಪ್ಪ ಆವಲಪ್ಪ, ಅಮ್ಮ ವೆಂಕಟರತ್ನಮ್ಮ, ಭಾನುವಾರ ಬೆಳಿಗ್ಗೆ ಬಸ್ಸಿಳಿದು ಬಂದರು. ಒಳಕೋಣೆಯಲ್ಲಿ ಕವಿತ ಸೀರೆಯ ನೆರಿಗೆಯೊಂದಿಗೆ ಹೋರಾಡುತ್ತಿದ್ದಳು. ಶ್ಯಾಮಲಮ್ಮ ಬೋಂಡ ತಟ್ಟೆ ಇಟ್ಟು ಕಾಫಿ ತರಲು ಅಡುಗೆಮನೆಗೆ ಹೋದರು. ಅಷ್ಟೇ ಸಾಕಾಯಿತು.

"ಹುಡುಗಿ ರಜಾ ದಿನ ಏನ್ ಮಾಡ್ತಾಳೆ?" ವೆಂಕಟರತ್ನಮ್ಮ ಕೇಳಿದರು.

"ರೇಸಿಗೆ ಹೋಗ್ತಾಳೆ!" ಮೋಹನ್‌ಬಾಬು ಎದೆಯುಬ್ಬಿಸಿದರು.

ಆವಲಪ್ಪನವರ ಕೈಯ ಬೋಂಡ ಬಾಯಿಯ ಹತ್ತಿರವೇ ನಿಂತಿತು. ಅವರ ಸ್ವಂತ ಅಣ್ಣ ಬೆಂಗಳೂರಿನ ಕುದುರೆ ರೇಸಿನ ಹುಚ್ಚಿಗೆ ಬಿದ್ದು ಎರಡೆಕರೆ ದ್ರಾಕ್ಷಿ ತೋಟಕ್ಕೆ ಎಳ್ಳುನೀರು ಬಿಟ್ಟಿದ್ದ. ಆ ಮನೆಯಲ್ಲಿ ರೇಸ್ ಎಂದರೆ ಕುದುರೆ, ಕುದುರೆ ಎಂದರೆ ಮನೆಹಾಳು. ಪಾಪ, ಮೋಹನ್‌ಬಾಬುಗೆ ಇದೆಲ್ಲ ಏನು ಗೊತ್ತು!

"ನೀವು ಸುಮ್ನೆ ಬಿಟ್ಟಿದ್ದೀರಾ?" ಎಂದರು ಆವಲಪ್ಪ.

"ಬಿಡೋದಾ? ನಾನೂ ಜೊತೇಲಿ ಹೋಗ್ತೀನಿ! ಚೆನ್ನೈ, ಕೊಯಮತ್ತೂರು, ಎಲ್ಲಿ ರೇಸಾದ್ರೂ ಅಪ್ಪ ಮಗಳು ಹಾಜರ್!"

"ಶಿವನೇ! ಕಳ್ಕೊಂಡಿದ್ದೂ ಇದ್ಯಾ?"

"ಹೋದ ತಿಂಗಳು ಗೆದ್ದೇಬಿಟ್ಲು ಅನ್ನೋಷ್ಟರಲ್ಲಿ ಕೊನೇ ಸುತ್ತಲ್ಲಿ ಎಲ್ಲಾ ಕಳ್ಕೊಂಡ್ಲು. ಆದ್ರೂ ಬಿಡ್ಲಿಲ್ಲ ನೋಡಿ, ಮಧ್ಯಾಹ್ನಾನೇ ಮತ್ತೆ ಇಳಿದ್ಲು!"

ಅಡುಗೆಮನೆಯಿಂದ ಜೋರು ಕೆಮ್ಮು ಕೇಳಿತು. ಒಗ್ಗರಣೆಯ ಘಾಟಿರಬೇಕೆಂದು ಮೋಹನ್‌ಬಾಬು ಲೆಕ್ಕಿಸಲಿಲ್ಲ.

"ಕುದುರೆ..." ಆವಲಪ್ಪ ತೊದಲಿದರು.

ಬೀಗರಿಗೆ ಎಂಜಿನ್ನಿನ ಅಶ್ವಶಕ್ತಿಯ ಬಗ್ಗೆಯೂ ತಿಳಿದಿದೆಯಲ್ಲ ಎಂದು ಮೋಹನ್‌ಬಾಬುಗೆ ಆನಂದವೋ ಆನಂದ. "ಸದ್ಯಕ್ಕೆ ನೂರ ಮೂವತ್ತು ಕುದುರೆ! ಬರೋ ವರ್ಷ ಇನ್ನೂ ಜಾಸ್ತಿ ಮಾಡ್ತೀವಿ!"

"ಪದವೇ, ಪೋದಾಂ," ಹೋಗೋಣ ನಡಿ ಎಂದು ಹೆಂಡತಿಗೆ ತೆಲುಗಿನಲ್ಲಿ ಹೇಳಿ ಆವಲಪ್ಪ ಎದ್ದು ಚಪ್ಪಲಿ ಹುಡುಕಿದರು.

ಲೋಟಗಳೊಂದಿಗೆ ಓಡಿಬಂದ ಶ್ಯಾಮಲಮ್ಮ ಅವನ್ನು ಕೆಳಗಿಟ್ಟು ಹಣೆ ಚಚ್ಚಿಕೊಂಡರು. "ಸಂಬಂಧ ಕುದುರಿಸ್ತೀನಿ ಅಂತ ಕುದುರೆ ತಂದು ಕಟ್ಟಿದ್ರಲ್ರೀ!"

ಅಷ್ಟರಲ್ಲಿ ಕವಿತ ಹೊರಗೆ ಬಂದಳು. "ಕುದುರೆ ರೇಸಲ್ಲ ಅಂಕಲ್, ಕಾರ್ ರೇಸು. ಓಡಿಸೋಳು ನಾನೇ."

"ಕಾರೊಳಗೆ ನೂರ ಮೂವತ್ತು ಕುದುರೆ ಹೆಂಗಮ್ಮ ಹಿಡಿಸ್ತವೆ?"

"ದಾರೀಲಿ ಹೇಳ್ತೀನಿ, ಬನ್ನಿ. ಮುಂದಿನ ಬಸ್ಸಿಗೆ ಇನ್ನೂ ಒಂದೂವರೆ ಗಂಟೆ ಇದೆ. ಚಿಂತಾಮಣಿಗೆ ನಾನೇ ಬಿಡ್ತೀನಿ."

ವೆಂಕಟರತ್ನಮ್ಮನವರ ಮಂಡಿನೋವು ಮಾನಕ್ಕಿಂತ ದೊಡ್ಡದಾಗಿತ್ತು. ಇಬ್ಬರೂ ಮನೆಯ ಕಾರು ಹತ್ತಿದರು.

ಮುಂದಿನ ಎರಡು ಗಂಟೆ ಮೋಹನ್‌ಬಾಬು ಜಗಲಿಯ ಮೇಲೆ ಪಡಿಪಾಟಲು ಪಟ್ಟರು. ಮಗಳು ಬೀಗರನ್ನು ಕೂರಿಸಿಕೊಂಡು ರೇಸಿನಂತೆಯೇ ನುಗ್ಗಿಸಿದರೆ ಗತಿಯೇನು? ತನ್ನ ನಾಲಿಗೆ ಅವಳ ಮದುವೆಯನ್ನೇ ಮುರಿದರೆ? ಶ್ಯಾಮಲಮ್ಮ ಆರಿದ ಕಾಫಿ ಲೋಟ ತಂದು ಅವರ ಮುಂದಿಟ್ಟು ಒಳಗೆ ಹೋದರು. ಅದು ಬೈಗುಳಕ್ಕಿಂತ ಕಷ್ಟವಾಗಿತ್ತು.

ಕೊನೆಗೂ ಫೋನು ಬಂತು. ವೆಂಕಟರತ್ನಮ್ಮ!

"ತಪ್ಪಾಯ್ತು ತಾಯಿ, ಆ ಕುದುರೆ ಅಂದ್ರೆ ಏನಂದ್ರೆ..." ಮೋಹನ್‌ಬಾಬು ಶುರುಮಾಡಿದರು.

"ಅದೆಲ್ಲಾ ನಿಮ್ಮ ಮಗಳು ಎರಡೇ ಮಾತಲ್ಲಿ ಹೇಳಿದ್ಲು ಬಿಡಿ. ದಾರಿಯುದ್ದಕ್ಕೂ ನನ್ನ ಮಂಡಿ ಒಂದ್ಸಲಾನೂ ಅಲುಗ್ಲಿಲ್ಲ. ಎಂಥಾ ನಿದಾನ, ಎಂಥಾ ಹುಷಾರು! ನಮಗೆ ಪೂರ್ತಿ ಒಪ್ಪಿಗೆ."

ಮೋಹನ್‌ಬಾಬು ಮತ್ತೆ ಮೀಸೆಗೆ ಕೈ ಹಾಕಿದರು. "ಹಂಗಾದ್ರೆ ಮುಂದಿನ ಮಾತುಕತೆ ನಾನೇ ಬಂದು..."

"ಅಯ್ಯೋ ನೀವು ಬೇಡಪ್ಪ, ಶ್ಯಾಮಲಮ್ಮನವರನ್ನ ಕಳಿಸಿ. ಬ್ರೇಕು ಎಲ್ಲಿ ಹಾಕ್ಬೇಕು ಅಂತ ಆ ಹುಡುಗಿಗೆ ಚೆನ್ನಾಗಿ ಗೊತ್ತು. ಅದು ಅಮ್ಮನ ಕಡೆಯಿಂದಾನೇ ಬಂದಿರ್ಬೇಕು!"