ಹದಿನೆಂಟು ಗೇರಿನ ಸೈಕಲ್ಲೂ ನಮ್ಮ ಸಪಾಟು ರಸ್ತೆಯೂ

ಏಳೂವರೆ ವರ್ಷ ಕಾಡುವ ಶನಿಯಾದರೂ ಒಂದು ದಿನ ಬಿಟ್ಟುಹೋಗುತ್ತಾನೆ. ಹಳೇ ಸೈಕಲ್ಲಿನ ಫಜೀತಿ ಹಾಗಲ್ಲ. ಒಂದು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಹಾಜರು. ತೊಂಬತ್ತರ ದಶಕದಲ್ಲಿ ನಾನು ರಾಣೇಬೆನ್ನೂರಿನ ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದೆ. ಹಳ್ಳಿ ಹಳ್ಳಿ ತಿರುಗುವ ಕೆಲಸ.

೧. ಅರ್ಧ ಸೈಕಲ್

ಕುಮಾರಪಟ್ಟಣದಲ್ಲಿದ್ದ ಎಂಜಿನಿಯರೊಬ್ಬರು ವರ್ಗವಾಗಿ ಹೊರಟಿದ್ದರು. ಗುಡ್ಡ ಹತ್ತುವ ತಮ್ಮ ಗೇರ್ ಸೈಕಲ್ಲನ್ನು ನನಗೆ ಮಾರಿದರು.

"ಮುಂದೆ ಮೂರು ಹಲ್ಲಿನ ಚಕ್ರ, ಹಿಂದೆ ಆರು. ಒಟ್ಟು ಹದಿನೆಂಟು ಗೇರು."

"ಏರಿಗೆ ಒಂದು, ಇಳಿಜಾರಿಗೆ ಒಂದು. ತಿಳೀತ್ರಿ. ಸಪಾಟು ರಸ್ತಾಕ್ಕ?"

"ಯಾವುದಾದರೂ ಒಂದು ಸಾಕು."

ಹಾಗಾದರೆ ಉಳಿದ ಹದಿನೇಳು ಯಾಕೆ ಎಂದು ಕೇಳುವ ಬುದ್ಧಿ ನನಗೆ ಬರಲಿಲ್ಲ. ಮನೆಗೆ ತಂದೆ. ಹೆಂಡತಿ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು. ಮಡ್‌ಗಾರ್ಡ್ ಇಲ್ಲ, ಕ್ಯಾರಿಯರ್ ಇಲ್ಲ, ಸ್ಟ್ಯಾಂಡ್ ಇಲ್ಲ, ಬೆಲ್ಲೂ ಇಲ್ಲ.

"ಇಷ್ಟ್ಯಾಕ ಅವಸರ ಮಾಡಿದ್ರಿ? ಅವರು ಪೂರ್ತಿ ತಯಾರ ಮಾಡಿದ ಮ್ಯಾಲೆ ತರಬೇಕಿಲ್ಲೇನು?"

೨. ಉದ್ದ ಚೈನು

ತಿಂಗಳೊಳಗೆ ಚೈನು ಕಟಕಟ ಅನ್ನತೊಡಗಿತು. ರಾಣೇಬೆನ್ನೂರಿನ ರಿಪೇರಿಯವನು ಹಿಂದಿನ ಗಾಲಿಯ ಪಕ್ಕ ತೂಗುತ್ತಿದ್ದ ಗೇರಿನ ತೋಳನ್ನು ಅನುಮಾನದಿಂದ ನೋಡಿದ. ಅದರೊಳಗಿನ ಎರಡು ಪುಟ್ಟ ಗಾಲಿಗಳಲ್ಲಿ ಚೈನು ಸುತ್ತಿ ಬರುತ್ತಿತ್ತು.

"ಚೈನು ಉದ್ದ ಆಗೇತ್ರಿ, ಅದಕ್ಕ ಇಲ್ಲೆಲ್ಲ ಸುತ್ತಿಸ್ಯಾರ" ಎಂದು ಎಂಟು ಕೊಂಡಿ ಕತ್ತರಿಸಿ ಎಸೆದ.

ಮರುದಿನವೇ ಕುಪ್ಪೇಲೂರಿನಿಂದ ಎಮ್ಮೆಯ ಹೊಟ್ಟೆ ಉಬ್ಬಿದೆ ಎಂಬ ಸುದ್ದಿ. ಎಮ್ಮೆಯ ಜೀವದ ಪ್ರಶ್ನೆ. ಲಗೂ ಹೋಗೋಣ ಎಂದು ದಾರಿಯಲ್ಲಿ ಗೇರು ಬದಲಿಸಿದೆ. ಗಿಡ್ಡ ಚೈನು ದೊಡ್ಡ ಚಕ್ರಕ್ಕೆ ಹತ್ತಿದ್ದೇ ತಡ, ಬಿಗಿದು ನಿಂತಿತು. ಗೇರಿನ ತೋಳು ಮುರಿದು ಕಡ್ಡಿಗಳೊಳಗೆ ಸಿಕ್ಕಿತು. ನಾನು ಔಷಧದ ಚೀಲದ ಸಮೇತ ಜಾಲಿ ಗಿಡದ ಬುಡಕ್ಕೆ ಬಿದ್ದೆ.

ಹುಡುಕಿಕೊಂಡು ಬಂದ ಎಮ್ಮೆಯ ಯಜಮಾನ ನನ್ನನ್ನೂ ಸೈಕಲ್ಲನ್ನೂ ಚಕ್ಕಡಿಗೆ ಹೇರಿದ. ಊರು ಮುಟ್ಟಿ ಔಷಧ ಕುಡಿಸಿದೆ, ಎಮ್ಮೆ ಉಳಿಯಿತು. ಯಜಮಾನ ಒಮ್ಮೆ ಎಮ್ಮೆಯನ್ನು, ಒಮ್ಮೆ ಸೈಕಲ್ಲನ್ನು ನೋಡಿ ನಿಟ್ಟುಸಿರು ಬಿಟ್ಟ.

"ಎಮ್ಮಿ ತಡೀತಿತ್ರಿ. ಮೊದಲ ಇದಕ್ಕ ಸೂಜಿ ಚುಚ್ಚಬೇಕಿತ್ತು."

೩. ಮೆಣಸಿನಕಾಯಿ ಕಳ್ಳ

ಗೇರು ಮುರಿದ ಮೇಲೆ ಚೈನನ್ನು ಒಂದೇ ಚಕ್ರಕ್ಕೆ ಕೂರಿಸಿಕೊಂಡು ದಿನ ದೂಡುತ್ತಿದ್ದೆ. ಲಸಿಕೆ ಹಾಕಲು ಬ್ಯಾಡಗಿಗೆ ಕಳಿಸಿದಾಗ ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಕೊಂಡು ಹೋದೆ. ಅಲ್ಲಿ ಒಂದು ಕಣದ ತುಂಬ ಕೆಂಪು ಮೆಣಸಿನಕಾಯಿ ಒಣಹಾಕಿದ್ದರು. ಅಂಚಿನಲ್ಲಿ ಒಂದು ಗೇಣು ತಪ್ಪಿ ಒಳಗೆ ಹೋದೆ, ಅಷ್ಟೇ.

ಕೆಸರಿನಲ್ಲಿ ಜಾರದಿರಲೆಂದು ಆ ಟಯರಿಗೆ ದಪ್ಪ ದಪ್ಪ ಹಲ್ಲುಗಳಿದ್ದವು. ಹಲ್ಲಿನ ಸಂದಿಗೊಂದರಂತೆ ಮೆಣಸಿನಕಾಯಿ ಸಿಕ್ಕಿಕೊಂಡಿತು. ಗಾಲಿ ತಿರುಗಿದಂತೆ ಬೀಜ, ಪುಡಿ ಎಲ್ಲ ಮುಖಕ್ಕೇ. ಕಣ್ಣು ಮುಚ್ಚಿ ಸೀನುತ್ತ ನಿಂತವನನ್ನು ಕಣ ಕಾಯುವ ಅಜ್ಜಿ ಹಿಡಿದಳು.

"ಹಾಡಹಗಲ ಕಳವು ಮಾಡ್ತೀ?"

"ಇಲ್ಲಬೇ ಯವ್ವಾ, ಟಯರ್ ಹಂಗ ಐತಿ!"

"ಸುಳ್ಳ ಹೇಳಬ್ಯಾಡ. ಒಂದು ಚೀಲ ತರಾಕ ನಾಚಿಕಿ ಆತೇನು?"

೪. ತಿಳಿದವನು

ಆಮೇಲೆ ಹಾವೇರಿಗೆ ವರ್ಗವಾಯಿತು. ಅಲ್ಲೊಬ್ಬ ಮುದುಕ ಸೈಕಲ್ ರಿಪೇರಿ ಮಾಡುತ್ತಿದ್ದ. ಮುಂಬೈಯಲ್ಲಿ ದುಡಿದು ಬಂದವನು. ನನ್ನ ಜೀವನದಲ್ಲೇ ಮೊದಲ ಸಲ ಒಬ್ಬ ಮನುಷ್ಯ ಆ ಸೈಕಲ್ಲನ್ನು ನೋಡಿ ನಗಲಿಲ್ಲ. ಮುಂದಿನ ಫೋರ್ಕಿನ ಸ್ಪ್ರಿಂಗು ಕಲ್ಲಿನ ದಾರಿಗೆ, ಹಲ್ಲಿನ ಟಯರು ಕೆಸರಿಗೆ, ಚೈನಿನ ಸಣ್ಣ ಚಕ್ರ ಕಡಿದಾದ ಏರಿಗೆ, ಹೀಗೆ ಒಂದೊಂದನ್ನೂ ಮುಟ್ಟಿ ತಿಳಿಸಿ ಹೇಳಿದ.

"ಅಜ್ಜಾರ, ಮತ್ತ ನಾ ತಿರುಗೋ ದಾರಿಗೆ ಏನೇನು ಬೇಕ್ರಿ?"

"ಇದ್ರಾಗ ಯಾವುದೂ ಬ್ಯಾಡ್ರಿ."

ಸ್ಪ್ರಿಂಗ್ ಫೋರ್ಕು ತೆಗೆದು ಗಟ್ಟಿ ಫೋರ್ಕು ಹಾಕಿದ. ಟಯರು, ಚಕ್ರ, ಬ್ರೇಕು, ಹ್ಯಾಂಡಲ್ಲು ಎಲ್ಲ ಬದಲಾದವು. ತೆಗೆದ ಸಾಮಾನು, ಮುರಿದ ಗೇರು, ಯಾವುದೂ ನನಗೆ ಬೇಡವಾಗಿತ್ತು. ಅವನ ಅಂಗಡಿಯಲ್ಲೇ ಬಿಟ್ಟು ಕೈಮುಗಿದು ಬಂದೆ.

ಕೆಲವು ತಿಂಗಳ ನಂತರ ಎದುರುಗಾಳಿಯಲ್ಲಿ ಊರ ಹೊರಗಿನ ಏರು ಹತ್ತುತ್ತಿದ್ದೆ. ಏದುಸಿರು ಬಿಡುತ್ತ ಕೊನೆಗೆ ಇಳಿದು ತಳ್ಳತೊಡಗಿದೆ. ಹಿಂದಿನಿಂದ ಒಂದು ಸೈಕಲ್ ಸರ್ರನೆ ಬಂತು. ಮೇಲೆ ಅದೇ ಮುದುಕ. ಅವನ ಹಳೇ ಸೈಕಲ್ಲಿಗೆ ನನ್ನ ಫೋರ್ಕು, ನನ್ನ ಟಯರು, ಬೆಸುಗೆ ಹಾಕಿದ ನನ್ನ ಗೇರು.

"ಅಜ್ಜಾರ, ಈ ವಯಸ್ಸಿನಾಗ ಹೆಂಗ ಹತ್ತಾಕತ್ತೀರಿ?" ಎಂದು ಕೂಗಿದೆ.

ಅವನು ಕಾಲು ನಿಲ್ಲಿಸದೆ ತಿರುಗಿ ನೋಡಿದ.

"ನಂದೇನೂ ಇಲ್ರಿ. ಯಾರೋ ಪುಣ್ಯಾತ್ಮ ಭಾಳ ವಿಚಾರ ಮಾಡಿ ಸಾಮಾನು ಆರಿಸ್ಯಾನ!"