ಫಾದರ್ ಗ್ರೀಲಿಶ್ ಅವರ ಟೋಪಿಯೂ ಇಬ್ಬರು ಹೊನೋರಾಗಳೂ

ಪರಮಪೂಜ್ಯ ಫಾದರ್ ಮ್ಯಾಲಕಿ ಗ್ರೀಲಿಶ್ ಅವರಿಗೆ,
ಕಿಲ್‌ಟರ್ಲೀನ್ ಚರ್ಚಿನ ಹಿಂಭಾಗ, ಎಡದಿಂದ ಮೂರನೆಯ ಸಮಾಧಿ, ವಾಲಿದ ಶಿಲುಬೆಯ ಕೆಳಗೆ.

ಮಾನ್ಯರೇ,

ತಾವು ೧೮೬೯ರಿಂದ ಅಲ್ಲಿಯೇ ಸುಖವಾಗಿ ಪವಡಿಸಿದ್ದೀರೆಂದೂ, ಎಬ್ಬಿಸುವುದು ಶಿಷ್ಟಾಚಾರವಲ್ಲವೆಂದೂ ಬಲ್ಲೆ. ಆದರೂ ತಮ್ಮ ಕೈಬರಹದ ವಿಷಯದಲ್ಲಿ ಈ ಊರು ಇಷ್ಟು ವರ್ಷ ತೋರಿದ ತಾಳ್ಮೆ ಮೊನ್ನೆ ಮಂಗಳವಾರ ಮುಗಿದಿರುವುದರಿಂದ, ನಮಸ್ಕಾರಪೂರ್ವಕವಾಗಿ ಈ ಪತ್ರ. ತಾವು ಹೊರಗೆ ಬರುವುದು ಕಡಿಮೆಯಾದ್ದರಿಂದ ಒಂದು ಪ್ರತಿಯನ್ನು ಚರ್ಚಿನ ಬಾಗಿಲ ಹಲಗೆಗೂ ಅಂಟಿಸಿದ್ದೇನೆ.

ಬರೆಯುತ್ತಿರುವವನು ಫೆಸ್ಟಸ್ ಮುಲ್ಕೆರಿನ್, ಊರಿಗೆಲ್ಲ ಫೆಸ್ಟಿ ಮಾವ. ನಾನು ಊರ ಶಾಲೆಯಲ್ಲಿ ಆರನೇ ತರಗತಿಯವರೆಗೆ ಓದಿದವನು. ಏಳನೆಯದನ್ನು ನಾನು ಓದುವ ಅಗತ್ಯ ನಮ್ಮ ಮೇಷ್ಟ್ರಿಗೇ ಕಾಣಲಿಲ್ಲ. ಆದರೆ ಎಂಟು ವರ್ಷ ಪೂಜೆಯಲ್ಲಿ ಪಾದ್ರಿಗಳ ಪಕ್ಕ ನಿಂತು ಗಂಟೆ ಬಾರಿಸಿದ್ದರಿಂದ ಲ್ಯಾಟಿನ್ ನನಗೆ ಕರತಲಾಮಲಕ. ಈ ಕಡಲ ದಂಡೆಯಲ್ಲಿ ಆ ಭಾಷೆ ಪೂರ್ತಿಯಾಗಿ ಬಂದದ್ದು ಇಬ್ಬರಿಗೆ: ಒಬ್ಬರು ತಾವು, ಇನ್ನೊಬ್ಬನ ಹೆಸರು ಹೇಳಿಕೊಳ್ಳಲು ಸಂಕೋಚ.

ಮೊದಲು ತಮ್ಮ ಕಾರ್ಯವೈಖರಿಗೆ ನನ್ನ ಮೆಚ್ಚುಗೆ ಸಲ್ಲಬೇಕು. ತಾವು ಮನೆಮನೆಗೆ ಹೋಗಿ ಮಕ್ಕಳಿಗೆ ಜ್ಞಾನಸ್ನಾನ ಮಾಡಿಸಿ, ಹೆಸರನ್ನು ಚೀಟಿಯ ಮೇಲೆ ಗೀಚಿ, ಚೀಟಿಯನ್ನು ಟೋಪಿಯೊಳಗೆ ಸಿಕ್ಕಿಸಿಕೊಂಡು, ಕುದುರೆ ಏರಿ, ಗಾಳಿ ಬಿಟ್ಟಷ್ಟನ್ನು ಮನೆಗೆ ತಂದು, ತಿಂಗಳಿಗೊಮ್ಮೆ ಮನಸ್ಸು ಬಂದಾಗ ಲ್ಯಾಟಿನ್ನಿನಲ್ಲಿ ಚರ್ಚಿನ ದಫ್ತರಿಗೆ ಏರಿಸುತ್ತಿದ್ದಿರಂತೆ. ಹೀಗಾಗಿ ನಮ್ಮಲ್ಲಿ ಎಷ್ಟೋ ಜನರ ಪೂರ್ವಿಕರು ಇಂದಿಗೂ ಯಾವುದೋ ಮುಳ್ಳುಬೇಲಿಯಲ್ಲಿ ಸಿಕ್ಕಿಕೊಂಡಿದ್ದಾರೆ. ಟೋಪಿಯಲ್ಲಿ ಉಳಿದವರಿಗಾದರೂ ತಾವು ಗುರುತು ಬರೆದಿರೇ? ಮೊದಲ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯ ಹೆಸರು ಎಂದು ನಮ್ಮವರು ಹಿಡಿದ ಪಟ್ಟಿನಿಂದ ಊರೆಲ್ಲ ಪ್ಯಾಟ್ರಿಕ್, ಊರೆಲ್ಲ ಮೇರಿ. ಅದಕ್ಕಾಗಿಯೇ ನಾವು ಮನೆತನಗಳಿಗೆ ಅಡ್ಡಹೆಸರು ಇಟ್ಟುಕೊಂಡಿರುವುದು. ನಾವು ನೇಕಾರ ಮುಲ್ಕೆರಿನ್‌ಗಳು, ಗುಡ್ಡದಾಚೆಯವರು ಕೆಂಪುಗೂದಲಿನ ಮುಲ್ಕೆರಿನ್‌ಗಳು. ತಾವು ಮಾತ್ರ ಅಡ್ಡಹೆಸರು ದೇವರಿಗೆ ಗೊತ್ತಿರುತ್ತದೆಂದು ಬಿಟ್ಟುಬಿಟ್ಟಿರಿ. ದೇವರಿಗೆ ಗೊತ್ತು, ಸ್ವಾಮಿ. ಆಸ್ಟ್ರೇಲಿಯಾದಿಂದ ಬಂದ ಹೆಂಗಸಿಗೆ ಗೊತ್ತಾಗುವುದು ಹೇಗೆ?

ಆಕೆಯ ಹೆಸರು ಥೆಲ್ಮಾ ಬ್ರಾಂಟ್, ನಿವೃತ್ತ ರೈಲ್ವೆ ಗಾರ್ಡು, ಗಂಡನಿಲ್ಲ, ಮಕ್ಕಳಿಲ್ಲ. ಕೈಯಲ್ಲಿ ಮುತ್ತಜ್ಜಿಯ ಪ್ರಾರ್ಥನೆ ಪುಸ್ತಕ. ಮುತ್ತಜ್ಜಿ ಹೊನೋರಾ ಮುಲ್ಕೆರಿನ್, ೧೮೪೧ರಲ್ಲಿ ಇಲ್ಲಿ ಹುಟ್ಟಿ ಹದಿನೆಂಟಕ್ಕೆ ಒಂಟಿಯಾಗಿ ಹಡಗು ಹತ್ತಿದವಳು, ಪುಸ್ತಕದ ಮೊದಲ ಹಾಳೆಯಲ್ಲಿ ಬರೆದಿಟ್ಟದ್ದು ಇಷ್ಟು: ಜ್ಞಾನಸ್ನಾನದ ದಿನ ನನ್ನನ್ನು ಎತ್ತಿಕೊಂಡ ಜ್ಞಾನತಾಯಿ ಬಾರ್ಬರಾ ಹಡಗಿನವರೆಗೂ ನಡೆದು ಬಂದು ತನ್ನ ಶಾಲನ್ನು ನನಗೆ ಹೊದಿಸಿದಳು, ಎಂದಾದರೂ ಯಾರಾದರೂ ಹಿಂದಿರುಗಿದರೆ ನನ್ನ ಹೆಸರನ್ನು ನಮ್ಮವರ ಸಮಾಧಿಕಲ್ಲಿನ ಮೇಲೆ ಬರೆಸಿ. ಆ 'ಯಾರಾದರೂ' ಎನ್ನುವವರಲ್ಲಿ ಉಳಿದಿರುವುದು ಥೆಲ್ಮಾ ಒಬ್ಬಳೇ, ಆಕೆಯ ವಿಮಾನ ಗುರುವಾರ.

ನನ್ನ ಮುತ್ತಜ್ಜನ ಸೋದರತ್ತೆ ಬಾರ್ಬರಾ. ಹೊನೋರಾ ಎಂಬ ತಂಗಿಯೂ ಅವನಿಗಿದ್ದಳು, ಎಲ್ಲಿಗೆ ಹೋದಳೋ ನಮ್ಮ ಮನೆಯಲ್ಲಿ ಯಾರಿಗೂ ತಿಳಿಯದು. ಇನ್ನೇನು ಬೇಕು? ಈಗ ತಮ್ಮ ದಫ್ತರಿನ ಚಿತ್ರಗಳು ಕಂಪ್ಯೂಟರಿನಲ್ಲೇ ಸಿಗುತ್ತವೆ. ತಮ್ಮ ಅಕ್ಷರವನ್ನು ಇಡೀ ಪ್ರಪಂಚ ಏಕಕಾಲಕ್ಕೆ ಓದಲಾರದೆ ಒದ್ದಾಡುವ ಅನುಕೂಲವಾಗಿದೆ. ನಾನು ಪುಟ ತೆರೆದೆ. ಹೊನೋರಾ, ತಂದೆ ಪ್ಯಾಟ್ರಿಕ್, ತಾಯಿ ಮೇರಿ ಕನ್ನೀಲಿ. ತಾಯಿಯ ತವರಿನ ಹೆಸರು ಕನ್ನೀಲಿ ಎಂದ ಮೇಲೆ ಅದು ನಮ್ಮದೇ ಮನೆ. ಜ್ಞಾನತಾಯಿಯ ಹೆಸರಿನ ಜಾಗದಲ್ಲಿ ತಾವು ಆಲೂಗಡ್ಡೆಯ ಗಾತ್ರದ ಮಸಿ ಚೆಲ್ಲಿದ್ದಿರಿ. ಹಿಗ್ಗಿಸಿ ನೋಡಿದೆ, ಆಲೂಗಡ್ಡೆ ದೊಡ್ಡದಾಯಿತು. ಕಡಿಮೆ ಓದಿದವರು ಅಲ್ಲಿಗೆ ನಿಲ್ಲಿಸುತ್ತಿದ್ದರು. ನಾನು ಆ ಮಸಿಯೊಳಗೆ 'ಬಾರ್ಬರಾ' ಎಂದು ನಿರರ್ಗಳವಾಗಿ ಓದಿದೆ.

"ನಿಜವಾಗ್ಲೂ ಕಾಣ್ತಿದೆಯಾ ಫೆಸ್ಟಿ?" ಎಂದಳು ಥೆಲ್ಮಾ.

"ಕಾಣೋದೇನು ತಾಯಿ, ಕೂಗಿ ಹೇಳ್ತಿದೆ" ಎಂದೆ.

ಭಾನುವಾರ ಹಂದಿಮಾಂಸ, ಎಲೆಕೋಸು ಬೇಯಿಸಿ ನೆಂಟರಿಷ್ಟರನ್ನೆಲ್ಲ ಕರೆದು, ಹೋದವಳ ಕುಡಿಯನ್ನು ಹುಡುಕಿ ತಂದವನು ನಾನೆಂದು ನಾಲ್ಕು ಸಲ ಭಾಷಣ ಮಾಡಿದೆ. ಸೋಮವಾರ ಕಲ್ಲುಕುಟಿಗನನ್ನು ಕರೆಸಿ ನಮ್ಮ ಮನೆತನದ ಸಮಾಧಿಕಲ್ಲಿನಲ್ಲಿ ಉಳಿದಿದ್ದ ಒಂದು ಗೇಣು ಜಾಗದಲ್ಲಿ 'ಹೊನೋರಾ, ೧೮೪೧' ಎಂದು ಕೆತ್ತಿಸಿದೆ. ಆ ಜಾಗವನ್ನು ನನ್ನ ಹೆಸರಿಗೆಂದು ಇಟ್ಟುಕೊಂಡಿದ್ದೆ ಎಂಬುದನ್ನು ಜಂಬಕ್ಕಾಗಿ ಹೇಳುತ್ತಿಲ್ಲ. ಹೇಳದಿದ್ದರೆ ತಮಗೆ ತಿಳಿಯುವುದಿಲ್ಲವಲ್ಲ ಎಂದು ಹೇಳಿದೆ.

ಮಂಗಳವಾರ ನಾನು ಚಹಾ ಸೋಸುತ್ತಿದ್ದೆ. ಥೆಲ್ಮಾ ಸುಮ್ಮನೆ ಪುಟ ಸರಿಸುತ್ತಾ ಕುಳಿತಿದ್ದಳು.

"ಫೆಸ್ಟಿ, ಇಲ್ಲಿ ಅಂಚಲ್ಲಿ ಅಡ್ಡಡ್ಡ ಏನೋ ಬರೆದಿದೆಯಲ್ಲ, ಏನದು?"

ನಾಲ್ಕು ಪುಟ ಆಚೆ, ಅಂಚಿನಲ್ಲಿ, ಟೋಪಿಯ ತಳದಲ್ಲಿ ಮರೆತಿದ್ದ ಯಾವುದೋ ಚೀಟಿಯನ್ನು ತಾವು ತಡವಾಗಿ ತುರುಕಿದ್ದಿರಿ. ಹೊನೋರಾ, ೧೮೪೧. ತಂದೆ ಪ್ಯಾಟ್ರಿಕ್. ತಾಯಿ ಮೇರಿ ಫಾಹರ್ಟಿ, ಅಂದರೆ ಕೆಂಪುಗೂದಲಿನವರ ಮನೆ. ಜ್ಞಾನತಾಯಿ ಬಾರ್ಬರಾ ಮುಲ್ಕೆರಿನ್. ಅದರ ಮುಂದೆ, ಮೂವತ್ತು ವರ್ಷದ ದಫ್ತರಿನಲ್ಲಿ ಮೊದಲ ಮತ್ತು ಕೊನೆಯ ಸಲ, ತಾವು ಅಡ್ಡಹೆಸರನ್ನೂ ಬರೆದಿದ್ದಿರಿ: ನೇಕಾರನ ಮಗಳು. ಬಾರ್ಬರಾ ನಮ್ಮವಳೇ, ಆದರೆ ಆಕೆ ಎತ್ತಿಕೊಂಡ ಮಗು ಅವರದು.

ಕೆಂಪುಗೂದಲಿನವರಿಗೂ ನಮಗೂ ಅರವತ್ತು ವರ್ಷಗಳಿಂದ ಮಾತಿಲ್ಲ. ಗೊಬ್ಬರಕ್ಕೆ ಕಡಲಪಾಚಿ ಕೊಯ್ಯುವ ಒಂದು ಬಂಡೆ ಯಾರದೆಂದು ನಮ್ಮಪ್ಪಂದಿರು ಕಿತ್ತಾಡಿದ್ದು. ಪಾಚಿ ಕೊಯ್ಯುವವರು ಈಗ ಎರಡೂ ಮನೆಯಲ್ಲಿಲ್ಲ, ಬಂಡೆ ಇದೆ. ಈ ಎರಡು ಸಾಲನ್ನು ಓದಬಲ್ಲವನು ಇಡೀ ಊರಿನಲ್ಲಿ ನಾನೊಬ್ಬನೇ. ಯಾರದೋ ಹಂದಿ ಕಳೆದದ್ದರ ಟಿಪ್ಪಣಿ ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲು ಬಾಯಿಯನ್ನೂ ತೆರೆದಿದ್ದೆ. ಆದರೆ ಆಕೆ ಆ ಪ್ರಾರ್ಥನೆ ಪುಸ್ತಕವನ್ನು ಮಡಿಲಿನಲ್ಲಿಟ್ಟುಕೊಂಡು ನನ್ನ ಮುಖ ನೋಡುತ್ತಿದ್ದಳು. ಓದಿ ಹೇಳಿದೆ. ಲ್ಯಾಟಿನ್ ಕಲಿತದ್ದಕ್ಕೆ ಜೀವನದಲ್ಲಿ ಮೊದಲ ಬಾರಿಗೆ ಪಶ್ಚಾತ್ತಾಪಪಟ್ಟೆ.

ಆಮೇಲೆ ಆಕೆಯನ್ನು ಕರೆದುಕೊಂಡು ಗುಡ್ಡ ದಾಟಿ ಹೋಗಿ, ಕೆಂಪುಗೂದಲಿನವರ ಹಿರಿಯಳಾದ ಎಂಬತ್ತಾರರ ಸಬೀನಾಳ ಬಾಗಿಲು ತಟ್ಟಿದೆ. ಆಕೆ ಕನ್ನಡಕ ಏರಿಸಿ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು.

"ಅರವತ್ತು ವರ್ಷ ಬೇಕಾಯ್ತೇನೋ ಫೆಸ್ಟಿ, ಅರ್ಧ ಮೈಲಿ ನಡೆಯೋಕೆ? ಮಂಡಿ ನೋವಾ?"

"ಸಬೀನಕ್ಕಾ, ನಿಮ್ಮನೆ ಹುಡುಗಿನ ತಂದಿದೀನಿ" ಎಂದೆ. ಎಲ್ಲವನ್ನೂ ಹೇಳಿದೆ, ಮಸಿ ಓದಿದ್ದನ್ನೂ ಸೇರಿಸಿ. ಆಕೆ ಥೆಲ್ಮಾಳ ಎರಡೂ ಕೈ ಹಿಡಿದು ಒಳಗೆ ಕೂರಿಸಿ, ರೊಟ್ಟಿಗೆ ಬೆಣ್ಣೆ ಹಚ್ಚುತ್ತಾ, ನಾಳೆ ಬೆಳಿಗ್ಗೆಯೇ ತಮ್ಮ ಕಲ್ಲಿನಲ್ಲಿ ಹೆಸರು ಕೆತ್ತಿಸುವುದಾಗಿ ಮಾತು ಕೊಟ್ಟಳು. ನಮ್ಮ ಕಲ್ಲಿನ ಮೇಲಿರುವುದನ್ನು ನಾಳೆಯೇ ಉಜ್ಜಿಸಿ ತೆಗೆಸುತ್ತೇನೆ ಎಂದು ನಾನು ಬಾಗಿಲಲ್ಲಿ ನಿಂತೇ ಹೇಳಿದೆ.

"ಯಾಕೋ ಉಜ್ಜಿಸ್ತೀಯಾ? ನಿಮ್ಮನೇಲೂ ಒಬ್ಬಳು ಹೊನೋರಾ ಇದ್ದಳಲ್ಲೋ, ಅದೇ ವರ್ಷದವಳು. ಆ ಮಗೂಗೆ ಕಲ್ಲು ಯಾರು ಹಾಕಿಸಿದ್ರು?"

ಮಾನ್ಯರೇ, ಅಲ್ಲಿಂದ ಮನೆಗೆ ಬಂದು ಮತ್ತೆ ಆ ಪುಟ ತೆರೆದೆ. ನಮ್ಮ ಹೊನೋರಾ ತಮ್ಮ ದಫ್ತರಿನಲ್ಲಿ ಆ ಮಸಿಯ ಪಕ್ಕದಲ್ಲಿ ಒಮ್ಮೆ ಬಂದವಳು ಮತ್ತೆಲ್ಲಿಯೂ ಬರುವುದಿಲ್ಲ, ಮದುವೆಯಲ್ಲೂ ಇಲ್ಲ, ಹಡಗಿನ ಪಟ್ಟಿಯಲ್ಲೂ ಇಲ್ಲ. ಆಕೆಗೆ ಆರು ವರ್ಷವಾದಾಗ, ಆಲೂಗಡ್ಡೆ ಬೆಳೆಯೆಲ್ಲ ಕೊಳೆತು ಜನ ಸತ್ತ ಆ ಹಸಿವಿನ ಕಾಲ. ಆ ವರ್ಷಗಳಲ್ಲಿ ತಾವು ಸತ್ತವರ ಹೆಸರು ಬರೆದಿಲ್ಲ. ಅದರ ಬಗ್ಗೆ ನನ್ನ ದೂರಿಲ್ಲ, ಆಗ ತಮ್ಮ ಕೈ ಲೇಖನಿ ಬಿಟ್ಟು ಸಲಿಕೆ ಹಿಡಿದಿತ್ತೆಂದು ಕೇಳಿದ್ದೇನೆ. ಆದರೆ ತಮಗೆ ಈಗ ಪುರುಸೊತ್ತಿರುವುದರಿಂದ, ಟೋಪಿಯನ್ನೊಮ್ಮೆ ಕೊಡವಿ ನೋಡಿ, ಆ ಚೀಟಿಯೇನಾದರೂ ಸಿಕ್ಕಿದರೆ ಗಾಳಿಗೆ ಬಿಡಬೇಕಾಗಿ ವಿನಂತಿ. ನಾನು ಬೇಲಿಯ ಬಳಿ ಕಾಯುತ್ತೇನೆ.

ಬುಧವಾರ ಎರಡನೆಯ ಕಲ್ಲೂ ಮುಗಿಯಿತು. ಈಗ ನಮ್ಮ ಸಮಾಧಿಭೂಮಿಯಲ್ಲಿ ಎರಡು ಕಡೆ 'ಹೊನೋರಾ, ೧೮೪೧' ಇದೆ, ಎರಡರ ಕೆಳಗೂ ಹೊನೋರಾ ಇಲ್ಲ. ನೂರು ವರ್ಷದ ನಂತರ ಯಾರೋ ದೂರದಿಂದ ಬಂದು ಎರಡೂ ಕಲ್ಲಿನ ಮುಂದೆ ತಲೆ ಕೆರೆದುಕೊಂಡರೆ ಅದರ ಕೀರ್ತಿ ನಮ್ಮಿಬ್ಬರಿಗೂ ಸಮಪಾಲು.

ಇಂತು, ತಮ್ಮ ಅಕ್ಷರದಿಂದ ಕಣ್ಣು ಕಳೆದುಕೊಂಡೂ ಗೌರವ ಕಳೆದುಕೊಳ್ಳದ
ತಮ್ಮ ವಿಶ್ವಾಸಿ,
ಫೆಸ್ಟಸ್ ಮುಲ್ಕೆರಿನ್ (ನೇಕಾರ)

ಮರೆತ ಮಾತು: ಇದನ್ನು ಚರ್ಚಿನ ಬಾಗಿಲಿನ ಪ್ರತಿಯಲ್ಲಿ ಬರೆದಿಲ್ಲ. ೧೮೩೮ರ ಪುಟದಲ್ಲಿ ನನ್ನ ಮುತ್ತಜ್ಜನ ತಂದೆತಾಯಿಯ ಮದುವೆ ಈಸ್ಟರ್‌ಗೆ ಮುಂಚಿನ ನಲವತ್ತು ದಿನದ ಉಪವಾಸಕ್ಕೆ ಹಿಂದಿನ ದಿನವೆಂದೂ, ಮುತ್ತಜ್ಜನ ಜ್ಞಾನಸ್ನಾನ ಅದೇ ವರ್ಷದ ಈಸ್ಟರ್ ವಾರದಲ್ಲೆಂದೂ, ಎರಡನ್ನೂ ಅಚ್ಚು ಹಾಕಿದಂಥ ಅಕ್ಷರದಲ್ಲಿ, ಒಂದು ಚುಕ್ಕೆ ಮಸಿಯೂ ಚೆಲ್ಲದೆ ಬರೆದಿದ್ದೀರಿ. ಸಬೀನಕ್ಕ ನನ್ನ ಹತ್ತಿರ ಲ್ಯಾಟಿನ್ ಕಲಿಯಲು ಶುರುಮಾಡಿದ್ದಾಳೆ, ಭೂತಗನ್ನಡಿಯನ್ನೂ ತರಿಸಿಕೊಂಡಿದ್ದಾಳೆ, ೧೮೪೧ರಿಂದ ಹಿಂದಕ್ಕೆ ಓದುತ್ತಾ ಈಗಾಗಲೇ ೧೮೪೦ಕ್ಕೆ ಬಂದಿದ್ದಾಳೆ. ದಯವಿಟ್ಟು ಬೇಗ ಎದ್ದು ಬಂದು ಆ ಪುಟದ ಮೇಲೆ ಒಂದು ಆಲೂಗಡ್ಡೆ ಚೆಲ್ಲಿ ಹೋಗಿ.