ಚಿಕ್ಕಪ್ಪನ ಮಗನ ಸಿನಿಮಾ, ನನ್ನ ಹೊಟ್ಟೆ ಉರಿ

ಒಂದೇ ಮನೆಯಲ್ಲಿ ಒಂದೇ ವಯಸ್ಸಿನ ಇಬ್ಬರು ಹುಡುಗರಿದ್ದು, ಒಬ್ಬ ಓದಿ ಇನ್ನೊಬ್ಬ ಓದದೇ ಹೋದರೆ, ಇಂಥ ಪ್ರಸಂಗಗಳು ಒಲೆ ಮೇಲಿನ ಹಾಲಿನ ಹಾಗೆ ಉಕ್ಕುತ್ತಲೇ ಇರುತ್ತವೆ, ಒರೆಸೋಕೆ ಬಟ್ಟೆ ಸಾಲಲ್ಲ. ಓದಿದವನು ನಮ್ಮ ಚಿಕ್ಕಪ್ಪನ ಮಗ, ಕಾಲೇಜಿನಲ್ಲಿ ಪತ್ರಿಕೋದ್ಯಮ. ಓದದವನು ನಾನು, ಪಿಯುಸಿ ಅರ್ಧಕ್ಕೆ ಬಿಟ್ಟು ಸುಲ್ತಾನ್‌ಪೇಟೆಯ ಲಗ್ನಪತ್ರಿಕೆ ಅಂಗಡಿ ಸೇರಿದವನು. ಊರಲ್ಲಿರೋ ಮದುವೆ ಗಂಡುಗಳ ಹೆಸರೆಲ್ಲ ಬಂಗಾರದ ಅಕ್ಷರದಲ್ಲಿ ಅಚ್ಚಾಗೋದನ್ನ ದಿನವಿಡೀ ನೋಡ್ತೀನಿ. ನನ್ನ ಹೆಸರು ಅಚ್ಚಾಗಿರೋದು ರೇಷನ್ ಕಾರ್ಡಲ್ಲಿ ಮಾತ್ರ, ಅದೂ ತಪ್ಪಾಗಿ.

ಹಾಗಾಗಿ ಅವನು ಬಂದು, "ಕಾಲೇಜಿಗೆ ಒಂದು ಕಿರುಚಿತ್ರ ಮಾಡ್ತಿದೀನಿ, ಆಕ್ಟ್ ಮಾಡ್ತೀಯಾ?" ಅಂದಾಗ ಒಂದೇ ಷರತ್ತು ಹಾಕಿದೆ. "ತೆರೆ ಮೇಲೆ ನನ್ನ ಹೆಸರು ಬರ್ಬೇಕು. ಒಂಟಿಯಾಗಿ, ದಪ್ಪ ಅಕ್ಷರದಲ್ಲಿ."

"ದೇವರಾಣೆ ಮಗಾ," ಅಂದ.

ಕಥೆ ಇಷ್ಟೇ. ಒಬ್ಬ ಹುಡುಗಿ ಹೂವು ತರೋಕೆ ಮನೆಯಿಂದ ಗಾಂಧಿ ಬಜಾರಿಗೆ ಹೋಗ್ತಾಳೆ, ಮೂಲೇಲಿ ಒಬ್ಬ ಪೋಲಿ ನಿಂತು ಅವಳನ್ನ ದುರುಗುಟ್ಟಿ ನೋಡ್ತಾನೆ. ಹುಡುಗಿ ಇವನ ಕ್ಲಾಸ್‌ಮೇಟು, ಮಲ್ಲೇಶ್ವರದವಳು, ಇವನ ಜೋಕಿಗೆಲ್ಲ ನಗ್ತಾಳೆ. ಅದೇ ಜೋಕು ನಾನು ಹೇಳಿದರೆ ಫೋನ್ ನೋಡ್ತಾಳೆ. ಪೋಲಿ ಯಾರು ಅಂತ ಹೇಳಬೇಕಿಲ್ಲವಲ್ಲ.

ಕೆಂಪು ಬಕೆಟ್

ಸಿನಿಮಾ ಮಾಡಿದರೆ ಸಾಲದಂತೆ. ಪಾಠದಲ್ಲಿ ಕಲಿತ ಮಾಧ್ಯಮ ಸಿದ್ಧಾಂತವನ್ನೆಲ್ಲ ಅದೇ ಸಿನಿಮಾಕ್ಕೆ ಅನ್ವಯಿಸಿ ಪ್ರಬಂಧ ಬರೀಬೇಕಂತೆ. ಅಂದರೆ ತಾನೇ ಸಾರು ಮಾಡಿ, ಅದು ಯಾಕೆ ರುಚಿಯಾಗಿದೆ ಅಂತ ತಾನೇ ಭಾಷಣ ಬಿಗಿಯೋದು. ಅದಕ್ಕೂ ಮಾರ್ಕ್ಸು!

ಒಂದು ರಾತ್ರಿ ಊಟಕ್ಕೆ ಕೂತಾಗ ಶುರು ಮಾಡಿದ. "ಹುಡುಗಿ ನಮ್ಮನೆ ಗೇಟು ದಾಟೋ ಶಾಟಲ್ಲಿ ಹಿಂದೆ ಒಂದು ಕೆಂಪು ಬಕೆಟ್ ಬೋರಲಾಗಿ ಬಿದ್ದಿದೆ ನೋಡು, ಅದು ಹೆಣ್ಣಿನ ಅದುಮಿಟ್ಟ ಸಿಟ್ಟಿನ ಸಂಕೇತ ಅಂದ್ರು ನಮ್ಮ ಮೇಡಂ. ಕ್ಲಾಸೆಲ್ಲ ಚಪ್ಪಾಳೆ."

ನಾನು ಎತ್ತಿದ ತುತ್ತನ್ನ ತಟ್ಟೆಗೇ ಹಾಕಿದೆ. "ಲೋ, ಅದು ನಾನು ಕೂತ್ಕೊಳ್ಳೋಕೆ ಬಚ್ಚಲಿಂದ ತಂದಿಟ್ಟಿದ್ದು ಕಣೋ! ಚಪ್ಪಾಳೆ ನನಗೆ ಬರ್ಬೇಕು."

"ಇಟ್ಟವನ ಉದ್ದೇಶ ಮುಖ್ಯ ಅಲ್ಲ ಮಗಾ. ನೋಡಿದವರು ಏನು ಓದ್ಕೋತಾರೋ ಅದೇ ಅರ್ಥ."

ಅಷ್ಟರಲ್ಲಿ ಮಜ್ಜಿಗೆ ಬಡಿಸ್ತಿದ್ದ ಅಜ್ಜಿ ಸೌಟು ಎತ್ತಿ ಹಿಡಿದರು. "ಹೆಣ್ಣಿನ ಸಿಟ್ಟು ಅಂದ್ರಾ? ಆ ಮೇಡಂ ಬುದ್ಧಿವಂತೆ ಕಣೋ. ಅವತ್ತು ಮೈಗೆಲ್ಲ ಎಣ್ಣೆ ಹಚ್ಕೊಂಡು, ಬಕೆಟ್ ಇಲ್ದೆ ಬಚ್ಚಲಲ್ಲಿ ಕೂತಿದ್ದೆನಲ್ಲ, ಆ ಸಿಟ್ಟೇ ಅದು!"

ವಿರೋಧಿ ಓದು

ಆಮೇಲೆ ಬೇರೆ ಬೇರೆ ಜನಕ್ಕೆ ಸಿನಿಮಾ ತೋರಿಸಿ, ಯಾರು ಹೇಗೆ ಅರ್ಥ ಮಾಡ್ಕೋತಾರೆ ಅಂತ ಬರೀಬೇಕಿತ್ತು. ನಮ್ಮ ಅಂಗಡಿ ಯಜಮಾನರಿಗೆ ತೋರಿಸಿದ. ಅವರು ಹುಡುಗಿ ನೋಡ್ಲಿಲ್ಲ, ಪೋಲಿ ನೋಡ್ಲಿಲ್ಲ. "ಟೈಟಲ್ ಅಕ್ಷರ ವಾರೆಯಾಗಿದೆ, ಮೇಲೊಂದು ಗಣಪತಿ ಹಾಕಿದ್ರೆ ಚೆನ್ನಾಗಿರ್ತಿತ್ತು," ಅಂದರು. ಅದನ್ನೂ ಬರ್ಕೊಂಡ!

ನನಗೆ ತಡೀಲಿಲ್ಲ. ಅವನು ಚಿಕ್ಕಮ್ಮನಿಗೆ ತೋರಿಸೋ ಮುಂಚೆ ಅಡುಗೆಮನೆಗೆ ಹೋಗಿ ಕಿವಿ ಕಚ್ಚಿದೆ. "ಚಿಕ್ಕಮ್ಮ, ಸಿನಿಮಾದಲ್ಲಿರೋ ಹುಡುಗಿ ಮುಖ ಸರಿಯಾಗಿ ನೋಡ್ಕೊಳ್ಳಿ. ಮುಂದೆ ನಿಮ್ಮ ಸೊಸೆ."

ಸಿನಿಮಾ ಅರ್ಧ ಆಗೋಷ್ಟರಲ್ಲಿ ಚಿಕ್ಕಮ್ಮ ಎದ್ದು ನಿಂತರು. "ಮನೇಲಿ ಒಂದು ಮಾತು ಹೇಳ್ದೆ ಈ ಮಟ್ಟಕ್ಕೆ ಬಂದ್ಯಾ? ಯಾರ ಮನೆಯವಳು? ಅವರಪ್ಪ ಏನು ಮಾಡ್ತಾರೆ? ಓದ್ಲಿ ಅಂತ ಕಳಿಸಿದ್ರೆ ಹೂವು ಕೊಡಿಸ್ಕೊಂಡು ತಿರುಗ್ತಾನೆ!" ಆ ಕೂಗಿಗೆ ಪಕ್ಕದ ಮನೆಯವರೂ ಬಂದರು. ನಾನು ಬಾಗಿಲ ಸಂದೀಲಿ ನಿಂತು, ಸದ್ಯ ಇವತ್ತಾದರೂ ಇವನಿಗೆ ಬೀಳ್ತಲ್ಲ ಅಂತ ಹೊಟ್ಟೆ ತಣ್ಣಗೆ ಮಾಡ್ಕೊಂಡೆ.

ಮೂರನೇ ದಿನ ಅವನೇ ಬಂದು ನನ್ನ ತಬ್ಬಿಕೊಂಡ. "ಥ್ಯಾಂಕ್ಸ್ ಗುರು! ನೋಡಿದವರು ಸಿನಿಮಾನ ಒಪ್ಪದೆ ತಿರುಗಿಬಿದ್ರೆ ಅದು 'ವಿರೋಧಿ ಓದು', ಅಮ್ಮ ಬೈದಿದ್ದನ್ನ ಹಾಗೇ ಬರೆದೆ. ಇಡೀ ಕ್ಲಾಸಲ್ಲಿ ಆ ಭಾಗಕ್ಕೆ ಫುಲ್ ಮಾರ್ಕ್ಸ್ ಬಂದಿದ್ದು ನನಗೊಬ್ಬನಿಗೇ!"

ಯಾವ ಗೇಜು?

ಕಾಲೇಜಲ್ಲಿ ಪ್ರದರ್ಶನ. ನನ್ನ ಹೆಸರು ನೋಡೋಕೆ ಇಸ್ತ್ರಿ ಶರ್ಟ್ ಹಾಕ್ಕೊಂಡು ನಾನೂ ಹೋದೆ. ನನ್ನ ಮುಖ ಬಂದ ಕಡೆ ಮೇಡಂ ಸಿನಿಮಾ ನಿಲ್ಲಿಸಿದರು. "ಈ ಹುಡುಗ ಬಂದಿದಾನಾ? ಮೇಲ್ ಗೇಜ್ ಎಷ್ಟು ಚೆನ್ನಾಗಿ ಬಂದಿದೆ!"

ಎದ್ದು ನಿಂತೆ. "ಮೀಟರ್ ಗೇಜ್, ಬ್ರಾಡ್ ಗೇಜ್ ಕೇಳಿದೀನಿ ಮೇಡಂ. ಇದ್ಯಾವ ಲೈನು?"

ನಗು ನಿಂತ ಮೇಲೆ ಅವರು ಕನ್ನಡದಲ್ಲಿ ಬಿಡಿಸಿ ಹೇಳಿದರು. "ಪುರುಷ ದೃಷ್ಟಿ ಅಂತ. ಹೆಣ್ಣನ್ನ ಗಂಡಿನ ಕಣ್ಣಿಂದ ನೋಡೋದು. ಆದರೆ ನೀನು ಹುಡುಗೀನ ಬಿಟ್ಟು ಕ್ಯಾಮರಾನೇ ದಿಟ್ಟಿಸಿ, ನೋಡ್ತಿರೋ ನಮ್ಮನ್ನೇ ತಪ್ಪಿತಸ್ಥರನ್ನಾಗಿ ಮಾಡಿದೀಯ. ಕಣ್ಣಲ್ಲಿ ಎಂಥ ಬೆಂಕಿ! ಆಗ ಏನು ಯೋಚಿಸ್ತಿದ್ದೆ?"

"ಕ್ಯಾಮರಾ ಹಿಂದೆ ನಿಂತ್ಕೊಂಡು ಇವನು ನನಗೆ ಅಂತ ತಂದಿದ್ದ ಬೆಣ್ಣೆ ದೋಸೇನ ಅವಳಿಗೆ ತಿನ್ನಿಸ್ತಿದ್ದ ಮೇಡಂ."

ಮೇಡಂ ಅವನ ಕಡೆ ತಿರುಗಿದರು. "ಇದನ್ನೂ ಪ್ರಬಂಧಕ್ಕೆ ಸೇರಿಸಪ್ಪ. ಸಿನಿಮಾದಲ್ಲಿ ದುಡಿಯೋರು ಯಾರು, ತಿನ್ನೋರು ಯಾರು ಅನ್ನೋದೂ ಒಂದು ಸಿದ್ಧಾಂತವೇ!"

ದಪ್ಪ ಅಕ್ಷರ

ಅವತ್ತು ಕೊನೇಲಿ ತೆರೆ ಮೇಲೆ ಬಂದಿದ್ದು ಒಂದೇ ಸಾಲು: 'ಸಹಕಾರ: ಮನೆಯವರು.'

"ಮನೆಯವರು ಅಂದ್ರೆ ನೀನೂ ಸೇರಿದೀಯಲ್ಲೋ," ಅಂದ.

"ಮನೆಯವರಲ್ಲಿ ಬೆಕ್ಕೂ ಸೇರುತ್ತೆ ಕಣೋ. ದೇವರಾಣೆ ಇಟ್ಟಿದ್ದೆ ನೀನು!"

ಕೊನೆಗೆ ಸೋತು ಹೆಸರು ಸೇರಿಸಿದ. ಪಾತ್ರದ ಹೆಸರು 'ಪೋಲಿ' ಬೇಡ, ಮೇಡಂ ಹೇಳಿದ ಹಾಗೆ 'ಪುರುಷ ದೃಷ್ಟಿ' ಅಂತ ಹಾಕು ಅಂದೆ. "ಪುರುಷ ಅಂತ ಹಾಕಿದ್ರೆ ಆ ಮುಖ ನೋಡಿ ಯಾರೂ ನಂಬಲ್ಲ ಮಗಾ," ಅಂತ ಅದೊಂದು ಪದ ತೆಗೆದುಬಿಟ್ಟ.

ಭಾನುವಾರ ಮನೆಯವರೆಲ್ಲ ಟಿವಿ ಮುಂದೆ ಕೂತೆವು. ಇವನಿಗೆ ಆ ವಾರವೆಲ್ಲ ಜ್ವರ, ಕಂಬಳಿ ಹೊದ್ದು ಅಜ್ಜಿ ತೊಡೆ ಮೇಲೆ ತಲೆ ಇಟ್ಟಿದ್ದ. ಸಿನಿಮಾ ಮುಗೀತು. ಕಪ್ಪು ತೆರೆ ಮೇಲೆ ಒಂಟಿಯಾಗಿ, ದಪ್ಪ ಅಕ್ಷರದಲ್ಲಿ, ಒಂದೂ ತಪ್ಪಿಲ್ಲದೆ ಬಂತು. ನನ್ನ ಕಣ್ಣು ಮಂಜಾಯ್ತು.

ಅಜ್ಜಿ ಕನ್ನಡಕ ಏರಿಸಿ ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದರು. "ದೃ...ಷ್ಟಿ..." ಅದರ ಮುಂದೆ ನನ್ನ ಹೆಸರು.

ಅಜ್ಜಿ ಒಮ್ಮೆ ಜ್ವರದವನನ್ನ ನೋಡಿದರು, ಒಮ್ಮೆ ನನ್ನ ನೋಡಿದರು.

"ಅಜ್ಜಿ, ಅದು ಸಿದ್ಧಾಂತ..." ಅಂತ ಅವನು ಕಂಬಳಿಯೊಳಗಿಂದ ಗೊಣಗಿದ.

"ನೀನು ಸುಮ್ನೆ ಮಲ್ಕೋ ಕಂದ." ಅಜ್ಜಿ ಒಳಗೆ ಹೋಗಿ ಮುಷ್ಟಿ ತುಂಬ ಉಪ್ಪು, ಒಣಮೆಣಸಿನಕಾಯಿ ತಂದು ಅವನ ಮುಖದ ಸುತ್ತ ನೀವಾಳಿಸೋಕೆ ಶುರು ಮಾಡಿದರು. "ಊರ ಕಣ್ಣು, ಕೇರಿ ಕಣ್ಣು, ದೊಡ್ಡಪ್ಪನ ಮಗನ ಕಣ್ಣು..."

ಮೆಣಸಿನಕಾಯಿ ಒಲೆಗೆ ಬಿತ್ತು. ಘಾಟು ಬರಲಿಲ್ಲ. ಘಾಟು ಬರದಿದ್ದರೆ ದೃಷ್ಟಿ ಜೋರಾಗಿ ತಗುಲಿದೆ ಅಂತ ನಮ್ಮನೆ ಲೆಕ್ಕ. ಅಜ್ಜಿ ಸೆರಗಲ್ಲಿ ಕೈ ಒರೆಸಿಕೊಳ್ತಾ ಟಿವಿ ಕಡೆ ನೋಡಿ ತಲೆದೂಗಿದರು.

"ಏನೇ ಹೇಳಿ, ಈಗಿನ ಕಾಲ ಎಷ್ಟು ಅನುಕೂಲ! ನಮ್ಮ ಕಾಲದಲ್ಲಿ ಕಣ್ಣು ಹಾಕಿದ್ದು ಯಾರು ಅಂತ ನಾವೇ ತಲೆ ಕೆಡಿಸ್ಕೋಬೇಕಿತ್ತು. ಈಗ ಕೊನೇಲಿ ಅವರೇ ಹೆಸರು ಹಾಕಿ ತೋರಿಸ್ಬಿಡ್ತಾರೆ."